ಮೊಸಳೆ ಅಂದುಕೊಂಡದ್ದು ಹಾವಾಗಿತ್ತು

ಎಲ್ಲರಿಗೂ ನಮಸ್ಕಾರ.

ಈ ಮಾತು ಕೇಳುತ್ತಲೇ ಒಂದು ಸಣ್ಣ ಕೆಲಸ ಮಾಡಿ. ಕೈ ಹಿಂದಕ್ಕೆ ಹಾಕಿ, ಕುತ್ತಿಗೆಯ ಕೆಳಗೆ ಬೆನ್ನಿನ ನಡುವೆ ಬೆರಳಾಡಿಸಿ. ಗಂಟುಗಂಟಾಗಿ ಮೂಳೆ ಸಿಗುತ್ತದೆ ಅಲ್ವಾ? ಬೆನ್ನುಮೂಳೆ ಅಂತ ನಾವು ಕರೆಯೋದು ಒಂದೇ ಮೂಳೆ ಅಲ್ಲ, ಪುಟ್ಟ ಪುಟ್ಟ ಮೂಳೆಗಳನ್ನು ಪೋಣಿಸಿದ ಸರ. ನಮಗೆ ಹುಟ್ಟುವಾಗ ಅಂಥವು 33. ಹಾವಿಗೆ ಇನ್ನೂರು, ಮುನ್ನೂರು, ಇನ್ನೂ ಜಾಸ್ತಿ. ಇವತ್ತಿನ ಕಥೆ ಅಂಥ ಒಂದು ಸರದಿಂದ ಉಳಿದ 27 ಮೂಳೆಗಳದ್ದು.

ಗುಜರಾತಿನ ಕಚ್ಛ್‌ನಲ್ಲಿ ಪಾನಂದ್ರೋ ಅಂತ ಒಂದು ಲಿಗ್ನೈಟ್ ಗಣಿ. ಲಿಗ್ನೈಟ್ ಅಂದರೆ ಕಂದು ಬಣ್ಣದ, ಇನ್ನೂ ಪೂರ್ತಿ ಮಾಗದ ಕಲ್ಲಿದ್ದಲು. ಈಗ ಅಲ್ಲಿ ಸುತ್ತ ಒಣ ನೆಲ. ಸುಮಾರು 4 ಕೋಟಿ 70 ಲಕ್ಷ ವರ್ಷದ ಹಿಂದೆ ಅದೇ ಜಾಗ ಕಡಲ ಪಕ್ಕದ ಜೌಗು. 2005ರಲ್ಲಿ ರೂರ್ಕಿಯ ಐಐಟಿಯ ಪ್ರೊಫೆಸರ್ ಸುನಿಲ್ ಬಾಜಪೇಯಿ ಅವರಿಗೆ ಆ ಗಣಿಯಲ್ಲಿ ಈ ಮೂಳೆಗಳು ಸಿಕ್ಕವು. ಗಾತ್ರ ನೋಡಿ, ಯಾವುದೋ ಮೊಸಳೆಯದ್ದಿರಬೇಕು ಅಂದುಕೊಂಡರು. ಬೇರೆ ಕೆಲಸಗಳು ಮುಂದೆ ಬಂದವು. ಮೂಳೆಗಳು ಪ್ರಯೋಗಾಲಯದಲ್ಲಿ ಹಾಗೇ ಉಳಿದವು. ನಮ್ಮ ಮನೆಯ ಅಟ್ಟದ ಮೇಲೆ 'ಆಮೇಲೆ ನೋಡೋಣ' ಅಂತ ಇಟ್ಟ ಪೆಟ್ಟಿಗೆ ಇರುತ್ತಲ್ಲ, ಹಾಗೆ.

ವರ್ಷಗಳ ನಂತರ ಆ ಪೆಟ್ಟಿಗೆಗೆ ಕೈ ಹಾಕಿದವರು ದೇಬಜಿತ್ ದತ್ತಾ. ಪಿಎಚ್.ಡಿ. ಮುಗಿಸಿ, ಮುಂದಿನ ಸಂಶೋಧನೆಗೆ ಪೋಸ್ಟ್‌ಡಾಕ್ ಆಗಿ ಅಲ್ಲಿ ಸೇರಿದ್ದ ಯುವ ವಿಜ್ಞಾನಿ. ಮೂಳೆಗೆ ಅಂಟಿದ ಗಟ್ಟಿ ಮಣ್ಣನ್ನು ಬಿಡಿಸೋದು ಬೇಸರದ ಕೆಲಸ. ಸ್ವಲ್ಪ ಒತ್ತಿದರೆ ಮೂಳೆಯೇ ಕಿತ್ತು ಬರುತ್ತದೆ. ಇಂಥ ಕೆಲಸ ಹೆಚ್ಚಾಗಿ ಎಳೆಯರ ಪಾಲಿಗೇ ಬೀಳುತ್ತದೆ. ಮಣ್ಣು ಹೋದ ಮೇಲೆ ಕಂಡದ್ದು ಮೊಸಳೆಯ ಮೂಳೆ ಅಲ್ಲ.

ಹಾವಿನ ಬೆನ್ನುಮೂಳೆಗೆ ಒಂದು ಗುರುತಿದೆ. ಪ್ರತಿ ಮೂಳೆಯ ಮುಂದುಗಡೆ ಗೂಟದಂಥ ಒಂದು ಚಾಚು, ಹಿಂದುಗಡೆ ಅಂಥದ್ದೇ ಗೂಟ ಕೂರುವ ಕುಳಿ. ಬಡಗಿ ಬಾಗಿಲಿನ ಚೌಕಟ್ಟು ಕೂಡಿಸೋದು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಕಸುಬು. ಮೈ ಅಷ್ಟು ಬಳುಕಿದರೂ ಸರ ತಿರುಚಿ ಕಳಚದಂತೆ ಇದು ಹಿಡಿದಿಡುತ್ತದೆ. ಮೊಸಳೆಗೆ ಈ ಜೋಡಣೆ ಇಲ್ಲ.

ಇಲ್ಲಿ ಒಂದೊಂದು ಮೂಳೆಯ ಅಗಲ 6 ಸೆಂಟಿಮೀಟರಿನಿಂದ 11 ಸೆಂಟಿಮೀಟರ್ ತನಕ. 11 ಅಂದರೆ ಅಂಗೈ ತುಂಬಿ ಹೊರಗೂ ಚಾಚುತ್ತದೆ. ಬೆನ್ನಿನ ಒಂದೇ ಒಂದು ಮಣಿ ಅಷ್ಟು ದೊಡ್ಡದು! 2024ರ ಏಪ್ರಿಲ್‌ನಲ್ಲಿ ದತ್ತಾ ಮತ್ತು ಬಾಜಪೇಯಿ ಈ ಹಾವಿಗೆ ಹೆಸರಿಟ್ಟರು: ವಾಸುಕಿ ಇಂಡಿಕಸ್. ಶಿವನ ಕೊರಳಿನ ವಾಸುಕಿ. ಕುಕ್ಕೆಗೆ ಹೋಗಿಬಂದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಪತ್ರಿಕೆಗಳಲ್ಲಿ 'ಹದಿನೈದು ಮೀಟರ್ ಹಾವು' ಅಂತ ದೊಡ್ಡಕ್ಷರದಲ್ಲಿ ಬಂತು. ನನಗೆ ಹಿಡಿಸಿದ್ದು ಆ ಹದಿನೈದಲ್ಲ, ಅದರ ಹಿಂದಿನ ಲೆಕ್ಕ. ಇಡೀ ಹಾವನ್ನು ಯಾರೂ ಟೇಪು ಹಿಡಿದು ಅಳೆದಿಲ್ಲ. ಈಗ ಬದುಕಿರುವ ಹಾವುಗಳಲ್ಲಿ ಮೂಳೆ ಇಷ್ಟು ಅಗಲವಿದ್ದರೆ ಮೈ ಎಷ್ಟು ಉದ್ದ ಅಂತ ನೋಡಿ, ಅದೇ ಲೆಕ್ಕವನ್ನು ಇದಕ್ಕೆ ಹಾಕಿದರು. ಹಾಗೆ ಅಳೆಯೋಕೆ ಎರಡು ದಾರಿ. ಒಂದರಲ್ಲಿ 10.9ರಿಂದ 12.2 ಮೀಟರ್ ಬಂತು. ಇನ್ನೊಂದರಲ್ಲಿ 14.5ರಿಂದ 15.2. ಇಬ್ಬರೂ ಎರಡನ್ನೂ ಬರೆದಿಟ್ಟರು. ಕಡಿಮೆಯದ್ದನ್ನೇ ಹಿಡಿದರೂ ನಮ್ಮ ಉದ್ದದ ಬಸ್ಸಿನಷ್ಟಾಯಿತು, ಅದು ಸಾಲದೇ? ದಕ್ಷಿಣ ಅಮೆರಿಕದ ಕೊಲಂಬಿಯಾದ ಟೈಟನೋಬೋವಾ ಅಂತ ಇನ್ನೊಂದು ದೈತ್ಯ ಹಾವಿತ್ತು, ಸುಮಾರು 13 ಮೀಟರಿನದ್ದು. ಅದು ಸಿಕ್ಕಿದ್ದೂ ಕಲ್ಲಿದ್ದಲು ಗಣಿಯಲ್ಲೇ. ಜೌಗಿನಲ್ಲಿ ಬದುಕಿದವು, ಜೌಗಿನ ಜೊತೆಗೇ ಹೂತುಹೋದವು.

ಇಷ್ಟು ದಪ್ಪ ಹಾವು ಬೆಳೆಯೋಕೆ ಬಿಸಿ ಬೇಕು. ಹಾವಿಗೆ ಮೈ ಬಿಸಿ ಒಳಗಿಂದ ಹುಟ್ಟೋದಿಲ್ಲ, ಹೊರಗಿಂದ ಬರಬೇಕು. ಹಾವಿನ ಗಾತ್ರವನ್ನೇ ಥರ್ಮಾಮೀಟರ್ ಮಾಡಿಕೊಂಡು, ಆಗ ಅಲ್ಲಿ ವರ್ಷದ ಸರಾಸರಿ ಉಷ್ಣಾಂಶ ಸುಮಾರು 28 ಡಿಗ್ರಿ ಇತ್ತು ಅಂತ ಅಂದಾಜು ಮಾಡಿದ್ದಾರೆ. ತಲೆಬುರುಡೆ ಸಿಕ್ಕಿಲ್ಲ. ಹಾಗಾಗಿ ಅದು ಏನು ನುಂಗುತ್ತಿತ್ತು ಅನ್ನೋದಕ್ಕೆ ಈ ಇಬ್ಬರೂ ಸುಮ್ನೆ ಕಥೆ ಕಟ್ಟಲಿಲ್ಲ.

ಹಳೆಯದನ್ನು ಎರಡನೇ ಸಲ ನೋಡಿದಾಗ ಸಿಕ್ಕಿದ್ದು ಕೈಬಿಟ್ಟುಹೋಗುವುದೂ ಉಂಟು. ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗೊತ್ತಲ್ಲ, ಆದಿಮಾನವರು ಚಿತ್ರ ಬರೆದ ಬಂಡೆಗಳು. 2020ರಲ್ಲಿ ಅಲ್ಲಿಗೆ ಹೋದ ಭೂವಿಜ್ಞಾನಿಗಳಿಗೆ ಒಂದು ಗುಹೆಯ ಮೇಲ್ಭಾಗದಲ್ಲಿ ಎಲೆಯಂಥ, ಗೆರೆಗೆರೆಯ ಅಚ್ಚು ಕಂಡಿತು. ಇದು ಡಿಕಿನ್ಸೋನಿಯಾ, ಸುಮಾರು 55 ಕೋಟಿ ವರ್ಷದ ಹಿಂದಿನ ಪ್ರಾಣಿಯ ಪಳೆಯುಳಿಕೆ ಅಂತ ಬರೆದರು. ಜಗತ್ತೆಲ್ಲ ಸುದ್ದಿಯಾಯಿತು.

2022ರ ಕೊನೆಗೆ ಇನ್ನೊಂದು ತಂಡ ಅಲ್ಲಿಗೆ ಹೋಯಿತು. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್, ಜೊತೆಗೆ ಅವರ ಪಿಎಚ್.ಡಿ. ವಿದ್ಯಾರ್ಥಿಗಳು. ನೋಡಿದರೆ ಆ 'ಪಳೆಯುಳಿಕೆ' ಸಿಪ್ಪೆ ಎದ್ದು ಉದುರುತ್ತಿದೆ. ಕೋಟಿಗಟ್ಟಲೆ ವರ್ಷ ಬಾಳಿದ್ದು ಎರಡು ವರ್ಷದಲ್ಲಿ ಉದುರುತ್ತದೆಯೇ? ಸುತ್ತ ಕಣ್ಣು ಹಾಯಿಸಿದರೆ ಜೇನುಗೂಡುಗಳು. ಬಂಡೆಗೆ ಅಂಟಿಕೊಂಡಿದ್ದದ್ದು ಹಾಳುಬಿದ್ದ ಜೇನುಗೂಡಿನ ಗುರುತು! ಬಂಡೆಯಲ್ಲಿ ಹೆಜ್ಜೇನು ಕೀಳುವ ನಮ್ಮವರೊಬ್ಬರನ್ನು ಮೊದಲೇ ಕರೆದುಕೊಂಡು ಹೋಗಿದ್ದರೆ ಬೇಗ ಗೊತ್ತಾಗುತ್ತಿತ್ತೇನೋ.

ನಗು ಬಂದರೂ ವಿಷಯ ಸಣ್ಣದಲ್ಲ. ಅಲ್ಲಿನ ಬಂಡೆಗೆ ನೂರು ಕೋಟಿ ವರ್ಷ ಅಂತ ಕೆಲವರು ಮೊದಲೇ ಲೆಕ್ಕ ಹಾಕಿದ್ದರು. ಆ ಒಂದು ಅಚ್ಚು ನಿಜವಾಗಿದ್ದರೆ ಬಂಡೆಯ ವಯಸ್ಸು ಅರ್ಧಕ್ಕೆ ಇಳಿಯಬೇಕಿತ್ತು. ಮೊದಲು ಬರೆದ ತಂಡದ ಗ್ರೆಗರಿ ರೆಟಾಲಕ್, ಹೊಸ ಪುರಾವೆ ನೋಡಿ, ತಪ್ಪಾಗಿದೆ ಅಂತ ಒಪ್ಪಿಕೊಂಡರು. ಬಂಡೆಗೆ ಅದರ ಹಳೆಯ ವಯಸ್ಸು ವಾಪಸ್ ಸಿಕ್ಕಿತು.

ನಮಸ್ಕಾರ.