ಮೊಹರಿನ ತಾರೀಖು ನೋಡಿ: ಸರ್ಕಾರ ಬದಲಾದಾಗ ಬಂದ ಅಂಚೆಚೀಟಿಗಳು

ಎಲ್ಲರಿಗೂ ನಮಸ್ಕಾರ.

ಸರ್ಕಾರ ಬಿದ್ದ ಮಾರನೇ ದಿನವೂ ಜನ ಕಾಗದ ಬರೆಯುತ್ತಾರೆ. ಅಂಚೆ ಕಚೇರಿ ಬಾಗಿಲು ತೆಗೆಯಲೇಬೇಕು. ಆದರೆ ಅಲ್ಲಿ ಉಳಿದಿರುವುದೆಲ್ಲ ಹಳೆಯ ದೊರೆಯ ಮುಖವೋ ಲಾಂಛನವೋ ಇರುವ ಸ್ಟಾಂಪು. ಹೊಸದನ್ನು ಅಚ್ಚು ಹಾಕಿಸಲು ಪುರುಸೊತ್ತಿಲ್ಲ, ಎಷ್ಟೋ ಸಲ ಕಾಗದವೂ ಇಲ್ಲ. ಆಗ ಇದ್ದದ್ದರ ಮೇಲೆಯೇ ಒಂದು ಮುದ್ರೆ ಒತ್ತಿ ಮಾರುತ್ತಾರೆ. ನಾವು ಓವರ್‌ಪ್ರಿಂಟ್ ಅನ್ನುವುದು ಇದಕ್ಕೇ.

1918ರ ಉಕ್ರೇನ್ ತಗೊಳ್ಳಿ. ರಷ್ಯಾದ ಹಳೆಯ ಸ್ಟಾಂಪುಗಳು ಹೊರಗಿನಿಂದ ರಾಶಿರಾಶಿ ಬಂದು ಬಳಕೆಯಾಗುತ್ತಿದ್ದವು. ಅಂಚೆಯ ಆದಾಯಕ್ಕೆ ಕತ್ತರಿ ಬಿತ್ತು. ಆಗಸ್ಟ್‌ನಲ್ಲಿ ಸರ್ಕಾರ ಒಂದು ಅಪ್ಪಣೆ ಹೊರಡಿಸಿತು: ಇನ್ನು ಮೇಲೆ ಉಕ್ರೇನಿನ ಲಾಂಛನವಾದ ತ್ರಿಶೂಲದ ಮುದ್ರೆ ಇದ್ದರೆ ಮಾತ್ರ ಸ್ಟಾಂಪು ನಡೆಯುತ್ತದೆ. ಆದರೆ ಎಲ್ಲ ಕಡೆಗೂ ಒಂದೇ ಅಚ್ಚು ಇರಲಿಲ್ಲ. ಕೀವ್, ಒಡೆಸಾ, ಹಾರ್ಕಿವ್, ಪೊಲ್ತಾವಾ, ಕತೆರಿನೊಸ್ಲಾವ್, ಪೊದಿಲ್ಯಾ, ಹೀಗೆ ಆರು ಅಂಚೆ ವಲಯಗಳು ತಮ್ಮ ತಮ್ಮ ತ್ರಿಶೂಲ ಮಾಡಿಕೊಂಡವು. ಕೆಲವು ಯಂತ್ರದಲ್ಲಿ ಅಚ್ಚಾದವು, ಕೆಲವನ್ನು ಕೈಯಲ್ಲಿ ಒತ್ತಿದರು. ಪೊದಿಲ್ಯಾದ್ದರಲ್ಲೇ ಹತ್ತಾರು ಬಗೆ ಇವೆ. ಇದರ ಬೆನ್ನು ಹತ್ತಿ ಜೀವಮಾನ ಕಳೆದವರೂ ಇದ್ದಾರೆ. ಅವರ ಮನೆಯವರನ್ನು ಮಾತ್ರ ನಾನು ಮಾತಾಡಿಸಿಲ್ಲ!

ಈಗ ಕಳ್ಳನ ಕಣ್ಣಿಂದ ನೋಡಿ. ಕೆಳಗಿನ ರಷ್ಯನ್ ಸ್ಟಾಂಪು ಅಸಲಿಯೇ, ಅದೂ ತೀರಾ ಅಗ್ಗ. ಕಾಗದ, ಬಣ್ಣ, ಅಂಚಿನ ಹಲ್ಲು ಎಲ್ಲ ಸರಿ ಇರುತ್ತದೆ. ಸುಳ್ಳಾಗಬೇಕಾದದ್ದು ಮೇಲಿನ ಮುದ್ರೆಯೊಂದೇ. ಒಂದು ರಬ್ಬರ್ ಸ್ಟಾಂಪು, ಚೂರು ಶಾಯಿ, ಅಷ್ಟು ಸಾಕು. ಅದಕ್ಕೇ ನಾನು ಹೇಳುವುದು, ಇಲ್ಲಿ ಚೀಟಿಗಿಂತ ಅಂಚೆ ಮೊಹರನ್ನು, ಅಂದರೆ ಕಾಗದ ಕಳಿಸುವಾಗ ಅಂಚೆಯವರು ಊರು, ತಾರೀಖು ಸಮೇತ ಒತ್ತುವ ಗುರುತನ್ನು ಜಾಸ್ತಿ ನೋಡಿ. ಆ ಚೀಟಿ ನಿಜಕ್ಕೂ ಅಂಚೆಯಲ್ಲಿ ಓಡಾಡಿದೆಯೇ ಅನ್ನುವುದೇ ಅದರ ಬೆಲೆ.

ನನ್ನದೇ ಕಥೆ ಕೇಳಿ. 1919ರ ಮೇ ತಿಂಗಳಲ್ಲಿ ತಾಲಿನ್‌ನಲ್ಲಿ ರಷ್ಯನ್ ಸ್ಟಾಂಪುಗಳ ಮೇಲೆ 'ಏಸ್ತಿ ಪೋಸ್ಟ್' ಅಂತ ಒತ್ತಿ ಮಾರಿದರು. ಎಸ್ಟೋನಿಯಾದ ಈ ಚೀಟಿಗಳು ಸಿಗುವುದೇ ಕಷ್ಟ, ನಕಲಿ ಮಾತ್ರ ಬೇಕಾದಷ್ಟು. ಒಂದು ಸಿಕ್ಕಿತು ಅಂತ ಕುಣಿದಾಡಿಕೊಂಡು ಕೊಂಡೆ. ಮನೆಗೆ ಬಂದು ಭೂತಗನ್ನಡಿ ಇಟ್ಟರೆ ಮೊಹರಿನ ತಾರೀಖು 1916! ಮುದ್ರೆ ಹುಟ್ಟುವ ಮೂರು ವರ್ಷ ಮೊದಲೇ ಅಂಚೆಗೆ ಬಿದ್ದ ಸ್ಟಾಂಪು ಅದು. ಮಾರಿದವನು ಬಳಸಿದ ಹಳೆಯ ಚೀಟಿಗೆ ಆಮೇಲೆ ಮುದ್ರೆ ಒತ್ತಿದ್ದ.

ಹಾಗಾಗಿ ಮೊದಲು ತಾರೀಖು, ಆಮೇಲೆ ಊರು. ಆ ಮುದ್ರೆ ಆ ವಲಯದ್ದೇ ಆಗಿದ್ದರೆ ಮೊಹರೂ ಅಲ್ಲಿನದೇ ಇರಬೇಕು ಅಲ್ವಾ? ಬೇರೆ ಊರಿನದಿದ್ದರೆ ಅದಕ್ಕೊಂದು ಕಾರಣ ಬೇಕು. ಮುಂದೆ ಶಾಯಿ. ಬಳಸಿದ ಚೀಟಿಯಲ್ಲಿ ಓವರ್‌ಪ್ರಿಂಟ್ ಕೆಳಗೆ, ಮೊಹರು ಮೇಲೆ ಇರಬೇಕು. ಎರಡೂ ಕೂಡುವ ಕಡೆ ಹತ್ತು ಪಟ್ಟು ಹಿಗ್ಗಿಸಿ ನೋಡಿದರೆ ಎಷ್ಟೋ ಸಲ ತಿಳಿಯುತ್ತದೆ. ಅಚ್ಚುಮೊಳೆಯಲ್ಲಿ ಒತ್ತಿದ್ದಾದರೆ ಹಿಂಬದಿಯಲ್ಲಿ ಸಣ್ಣ ಉಬ್ಬು ಕಾಣಬಹುದು. ಲಕೋಟೆ ಇದ್ದರೆ ಅತಿನೇರಳೆ ದೀಪದ ಕೆಳಗೆ ಹಿಡಿಯಿರಿ. ಕಾಗದಕ್ಕೆ ಹೊಳಪು ಬಿಳುಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. 1918ರ ಲಕೋಟೆ ನೀಲಿಯಾಗಿ ಫಳಫಳ ಹೊಳೆದರೆ ಮಾತು ಮುಗಿಯಿತು.

ಇದರಲ್ಲಿ ಅತಿ ಕಷ್ಟದ್ದು 1945ರ ಸ್ಯಾಕ್ಸನಿ. ಜರ್ಮನಿ ಶರಣಾದ ಮೇಲೆ ಅಲ್ಲಿನ ಅಂಚೆ ಕಚೇರಿಗಳಲ್ಲಿ ಹಿಟ್ಲರನ ಮುಖಕ್ಕೆ ಕಪ್ಪು ಬಳಿದು ಸ್ಟಾಂಪು ಮಾರಿದರು. ಕೆಲವು ಕಡೆ ಬಾಟಲಿಯ ಬಿರಡೆಯನ್ನೇ ಶಾಯಿಯಲ್ಲಿ ಅದ್ದಿ ಒತ್ತಿದರು. ಒಂದು ಕಪ್ಪು ಮಚ್ಚೆಗೆ ಅಸಲಿ ಯಾವುದು, ನಕಲಿ ಯಾವುದು? ಬಿಡಿ ಚೀಟಿ ಹಿಡಿದುಕೊಂಡು ಯಾರಾದರೂ ಬಂದರೆ ನಾನಂತೂ ಅಭಿಪ್ರಾಯ ಕೊಡುವುದಿಲ್ಲ. ಪೂರ್ತಿ ಲಕೋಟೆ, ಓದಲು ಬರುವ ಊರು, ತಾರೀಖು, ಸರಿಯಾದ ಅಂಚೆ ದರ, ಇಷ್ಟಿದ್ದರೆ ಮಾತಾಡೋಣ. ದೊಡ್ಡ ಬೆಲೆಯದ್ದಾದರೆ ಆ ವಿಷಯದಲ್ಲೇ ಪಳಗಿದ ಪರೀಕ್ಷಕರ ಪ್ರಮಾಣಪತ್ರ ಬೇಕೇ ಬೇಕು.

ಇನ್ನು ಬೆಲೆ. ಕ್ಯಾಟಲಾಗಿನ ಅಂಕಿ ನೋಡಿ ಹಿಗ್ಗಬೇಡಿ. ಮಾರಲು ಹೋದರೆ ಅದರ ಒಂದು ಪಾಲು ಸಿಕ್ಕೀತು. ಹರಾಜಿನಲ್ಲಿ ನಿಜಕ್ಕೂ ಎಷ್ಟಕ್ಕೆ ಹೋಯಿತು ಅನ್ನುವುದೇ ಲೆಕ್ಕ. ಕಥೆ ಚೆನ್ನಾಗಿದ್ದ ಮಾತ್ರಕ್ಕೆ ಬೆಲೆಯೂ ಬರುವುದಿಲ್ಲ. 1918ರ ಡಿಸೆಂಬರ್‌ನಲ್ಲಿ ಲಾಟ್ವಿಯಾ ಕಾಗದವಿಲ್ಲದೆ ಜರ್ಮನ್ ಸೈನ್ಯದ ನಕ್ಷೆಗಳ ಹಿಂಬದಿಯಲ್ಲಿ ತನ್ನ ಮೊದಲ ಸ್ಟಾಂಪು ಅಚ್ಚು ಹಾಕಿತು. ತಿರುಗಿಸಿದರೆ ಹಿಂದೆ ಯಾವುದೋ ಹೊಳೆ, ರಸ್ತೆ! ಎಂಥ ಚೆಂದ. ಆದರೂ ಸಾಮಾನ್ಯ ಪ್ರತಿ ಅಗ್ಗವಾಗಿಯೇ ಸಿಗುತ್ತದೆ, ಅಷ್ಟು ಅಚ್ಚಾಗಿತ್ತು. ಅದೇ ಚೀಟಿ ಅಂಟಿಸಿ ಆ ದಿನಗಳಲ್ಲಿ ನಿಜಕ್ಕೂ ಕಳಿಸಿದ ಲಕೋಟೆಯ ಮಾತು ಬೇರೆ. ಸಂಗ್ರಾಹಕರು ಅವತ್ತೇ ತಮಗೆ ತಾವೇ ಬರೆದುಕೊಂಡ ಲಕೋಟೆಗಳೂ ಇವೆ. ಅವು ಸುಳ್ಳಲ್ಲ, ಆದರೆ ಬೆಲೆ ಕಡಿಮೆ.

ಸೋವಿಯತ್ ಒಕ್ಕೂಟ ಒಡೆದ ಮೇಲಿನ ಚೀಟಿಗಳಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಿ. 1992ರಲ್ಲಿ ಉಕ್ರೇನಿನ ಊರುಗಳು ಸೋವಿಯತ್ ಸ್ಟಾಂಪುಗಳ ಮೇಲೆ ಮತ್ತೆ ತ್ರಿಶೂಲ ಒತ್ತಿದ್ದು ನಿಜ. ಆದರೆ ಅದೇ ಗದ್ದಲದಲ್ಲಿ ರಷ್ಯಾದ ಯಾವ್ಯಾವುದೋ ಪ್ರಾಂತ್ಯಗಳ ಹೆಸರಲ್ಲಿ ಸಿನಿಮಾ ನಟಿಯರ, ಡೈನೋಸಾರ್‌ಗಳ ಚಿತ್ರವಿರುವ ಚೀಟಿಗಳೂ ಪೇಟೆಗೆ ಬಂದವು. ಅವನ್ನು ಅಂಟಿಸಿ ಒಂದು ಕಾಗದವೂ ಹೋಗಿಲ್ಲ. ಮಕ್ಕಳ ಆಲ್ಬಮ್ಮಿಗೆ ಆದೀತು.

ನನ್ನ ಆ 1916ರ ಎಸ್ಟೋನಿಯಾ ಚೀಟಿಯನ್ನು ಇವತ್ತು ತಂದಿದ್ದೇನೆ. ಭೂತಗನ್ನಡಿಯೂ ಮೇಜಿನ ಮೇಲೆ ಇದೆ. ಒಬ್ಬೊಬ್ಬರಾಗಿ ಬಂದು, ಎರಡು ಶಾಯಿಗಳಲ್ಲಿ ಯಾವುದು ಮೇಲಿದೆ ಅಂತ ನೀವೇ ನೋಡಿ ಹೇಳಿ.