ಕಸಿಯಾದ ಮಗುವಿನ ಕಣ್ಣಿಗೆ ಹನಿ ಹಾಕಿಸಿದ್ದೀರಾ?

ಕೇಳುಗರಿಗೆ ನಮಸ್ಕಾರ. ಮೂತ್ರಪಿಂಡ ಕಸಿಯಾದ ಮಕ್ಕಳ ತಂದೆತಾಯಿಯರನ್ನು, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಎಷ್ಟೆಂದು ಕೇಳಿದರೆ ದಶಾಂಶದ ಸಮೇತ ಹೇಳುತ್ತಾರೆ. ಕಣ್ಣಿನ ಹಿಂಭಾಗವನ್ನು ಯಾವಾಗ ಪರೀಕ್ಷೆ ಮಾಡಿಸಿದಿರಿ ಎಂದರೆ ಸುಮ್ಮನಾಗುತ್ತಾರೆ. ಇಂದು ನಾನು ಹೇಳಬೇಕಾದದ್ದು ಅಷ್ಟನ್ನೇ: ಪಾಪೆ ಹಿಗ್ಗಿಸುವ ಹನಿ ಹಾಕಿಸಿ, ಕಣ್ಣಿನ ಹಿಂಭಾಗ ತೋರಿಸಿ.

ಮಿದುಳಿನ ಸುತ್ತ ನೀರಿನಂಥ ದ್ರವವಿದೆ. ಅದರ ಒತ್ತಡ ಏರಿದಾಗ, ತಲೆಬುರುಡೆ ಹಿಗ್ಗಲಾರದ ಕಾರಣ, ಆ ಒತ್ತಡ ಕಣ್ಣಿನ ನರದ ಹೊದಿಕೆಯ ಗುಂಟ ಸಾಗಿ, ನರವು ಕಣ್ಣನ್ನು ಸೇರುವ ತುದಿಯನ್ನು ಊದಿಸುತ್ತದೆ. ಕಸಿಯಾದ ಮಕ್ಕಳಲ್ಲಿ, ಹೊಸ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಸ್ಟೀರಾಯ್ಡ್ ಔಷಧದ ಪ್ರಮಾಣ ಇಳಿಸುವಾಗ, ತೂಕ ಬೇಗನೆ ಏರಿದಾಗ, ಎತ್ತರಕ್ಕೆಂದು ಬೆಳವಣಿಗೆಯ ಹಾರ್ಮೋನ್ ಕೊಡುವಾಗ ಹೀಗಾಗಬಹುದು.

ಕಸಿಯಾಗಿದ್ದ ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ತಾಯಿ ನನ್ನ ಬಳಿಗೆ ಕರೆತಂದಿದ್ದರು. ಬೆಳಗಿನ ಹೊತ್ತು ತಲೆನೋವು, ಒಮ್ಮೊಮ್ಮೆ ವಾಂತಿ. ಯಾವುದೋ ಅಂಗಡಿಯಲ್ಲಿ ಕನ್ನಡಕವನ್ನೂ ಕೊಟ್ಟಾಗಿತ್ತು. ಹುಡುಗಿ ಕನ್ನಡಕ ತೆಗೆದಿಟ್ಟು ಗೋಡೆಯ ಫಲಕದ ಕೊನೆಯ ಸಾಲನ್ನು ಪಟಪಟನೆ ಓದಿ, "ಸರಿಯಾಯ್ತಾ ಡಾಕ್ಟ್ರೇ?" ಎಂದು ನಕ್ಕಳು. ಹೊರಡಲು ಎದ್ದ ತಾಯಿ ಬಾಗಿಲ ಬಳಿ ನಿಂತು, "ಬಚ್ಚಲಲ್ಲಿ ಮುಖ ತೊಳೆಯೋಕೆ ಬಗ್ಗಿ ಎದ್ರೆ ಕರೆಂಟ್ ಹೋದ ಹಾಗಾಗುತ್ತೆ ಅಂತಾಳೆ, ಆಮೇಲೆ ಸರಿಹೋಗುತ್ತಂತೆ" ಎಂದರು. ಮತ್ತೆ ಕೂರಿಸಿದೆ. ಹನಿ ಹಾಕಿ, ಅರ್ಧ ಗಂಟೆ ಕಾದು ನೋಡಿದರೆ, ಕೈವಾರದಲ್ಲಿ ಎಳೆದಂತೆ ಸ್ಪಷ್ಟವಾಗಿರಬೇಕಾದ ನರದ ಅಂಚು ಎರಡೂ ಕಣ್ಣುಗಳಲ್ಲಿ ಉಬ್ಬಿ ಅಳಿಸಿಹೋಗಿತ್ತು. ಪಕ್ಕದಲ್ಲಿ ರಕ್ತದ ಸಣ್ಣ ಗೆರೆಗಳು. ರಕ್ತದೊತ್ತಡ ಸರಿಯಾಗಿತ್ತು, ಎಂ.ಆರ್.ಐ.ಯಲ್ಲಿ ಗೆಡ್ಡೆ ಇರಲಿಲ್ಲ. ಬೆನ್ನಿನಿಂದ ಅದೇ ದ್ರವ ತೆಗೆದು ಅಳೆದಾಗ, ಮಕ್ಕಳಲ್ಲಿ ನೀರಿನ ಮಟ್ಟದ ಲೆಕ್ಕದಲ್ಲಿ 28 ಸೆಂಟಿಮೀಟರ್ ಮೀರಬಾರದ ಒತ್ತಡ 36 ಇತ್ತು.

ಫಲಕ ಓದಿದಳಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಫಲಕ ಓದುವುದು ನಡುವಿನ ನೋಟ. ಈ ಒತ್ತಡ ಸಾಮಾನ್ಯವಾಗಿ ಮೊದಲು ಕಸಿಯುವುದು ಅಂಚಿನ ನೋಟವನ್ನು. ಆದ್ದರಿಂದಲೇ ಹೇಳುತ್ತಿದ್ದೇನೆ, ಹನಿ ಹಾಕಿಸಿ.

ಗಡಿಯಾರ ನನ್ನನ್ನು ಅವಸರಪಡಿಸುತ್ತಿದೆ. ಚಿಕಿತ್ಸೆಗೆ, ಈ ಒತ್ತಡ ಇಳಿಸುವ ಅಸಿಟಜೋಲಮೈಡ್ ಮಾತ್ರೆಯಿದೆ, ಆದರೆ ಕಸಿಯಾದವರಿಗೆ ಅದರ ಪ್ರಮಾಣವನ್ನು ಮೂತ್ರಪಿಂಡದ ವೈದ್ಯರೂ ಸೇರಿಯೇ ನಿರ್ಧರಿಸಬೇಕು. ನೋಟ ಕುಸಿಯುತ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಲೂಬೇಡಿ.

ಹನಿ ಹಾಕಿದ ಮೇಲೆ ಕೆಲವು ಗಂಟೆ ಓದಲು ಮಸುಕಾಗುವುದರಿಂದ, ಶಾಲೆಯ ಪರೀಕ್ಷೆಯ ಹಿಂದಿನ ದಿನ ಬೇಡವೆನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ತಲೆನೋವಿನ ಜೊತೆ ಕಣ್ಣು ಕತ್ತಲಿಡುತ್ತಿದ್ದರೆ ಮಾತ್ರ, ಪರೀಕ್ಷೆ ಇದ್ದರೂ ಅಂದೇ ಕರೆತನ್ನಿ.