ರಾಯಲ್ ರಂಬಲ್: ಯಾರು ಗೆಲ್ಲುತ್ತಾರೆ ಎಂದು ಮೊದಲೇ ಹೇಳುವುದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಕುಸ್ತಿ ಮನರಂಜನೆ ಕಂಪನಿ ಡಬ್ಲ್ಯೂಡಬ್ಲ್ಯೂಇಯ ರಾಯಲ್ ರಂಬಲ್ ಹತ್ತಿರ ಬಂದಿದೆ. ಹಾಸ್ಟೆಲ್ ಕೋಣೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ‘ಈ ಸಲ ಯಾರು’ ಅನ್ನುವ ವಾದ ಆಗಲೇ ಶುರುವಾಗಿರುತ್ತದೆ. ಆ ವಾದ ನಡೆಯುವ ಧಾಟಿ ಕೇಳಿದರೆ ಸ್ವಲ್ಪ ಬೇಜಾರೇ ಆಗುತ್ತದೆ. ‘ಅವನ ಎತ್ತರ ನೋಡು, ಇವನ ಕೈಲಿ ಎಲ್ಲಾಗುತ್ತೆ?’ ‘ಇವನ ತೋಳು ನೋಡಿದ್ದೀಯಾ?’ ಚಿಕ್ಕಂದಿನಲ್ಲಿ ಡಬ್ಲ್ಯೂಡಬ್ಲ್ಯೂಎಫ್ (ಇದೇ ಕಂಪನಿಯ ಹಳೇ ಹೆಸರು) ಕಾರ್ಡ್ ಆಡಿದವರಿಗೆ ಆ ಚಾಳಿ ಇನ್ನೂ ಬಿಟ್ಟಿಲ್ಲ. ಎತ್ತರ, ತೂಕ, ಎದೆ, ತೋಳು, ರ‍್ಯಾಂಕ್. ಯಾರದು ಹೆಚ್ಚೋ ಅವನು ಗೆದ್ದ. ಕಾರ್ಡಿಗೆ ಅದು ಸರಿ. ರಿಂಗಿಗೆ ನಡೆಯುವುದಿಲ್ಲ.

ಯಾಕೆ ಅಂದರೆ ಫಲಿತಾಂಶ ಮೊದಲೇ ಬರೆದದ್ದು. ‘ಅಯ್ಯೋ ಎಲ್ಲ ಡ್ರಾಮಾ’ ಎಂದು ಈಗ ಹೊಸದಾಗಿ ಕಂಡುಹಿಡಿಯುವವರಿಗೆ ಹೇಳುತ್ತೇನೆ, ಕಂಪನಿಯೇ ಇದನ್ನು 1989ರಲ್ಲಿ ನ್ಯೂಜೆರ್ಸಿಯ ಸೆನೆಟ್ ಮುಂದೆ ಒಪ್ಪಿಕೊಂಡಿದೆ. ಕ್ರೀಡಾ ಆಯೋಗದ ನಿಯಮ, ತೆರಿಗೆಗಳಿಂದ ತಪ್ಪಿಸಿಕೊಳ್ಳಬೇಕಿತ್ತು, ಅದಕ್ಕೆ ‘ನಮ್ಮದು ಸ್ಪರ್ಧೆಯಲ್ಲ, ಮನರಂಜನೆ’ ಎಂದರು. ಬೀಳುವುದು ನಿಜ, ನೋವು ನಿಜ, ಮೂಳೆ ಮುರಿಯುವುದೂ ನಿಜ. ಗೆಲ್ಲುವವನ ಹೆಸರು ಮಾತ್ರ ಮೊದಲೇ ಕಾಗದದ ಮೇಲಿರುತ್ತದೆ. ಪಂದ್ಯದ ಕೊನೆಗೆ ಅವರ ಮಾತಲ್ಲಿ ಫಿನಿಷ್ ಅಂತಾರೆ. ಯಾರು ಯಾವ ಪಟ್ಟು ಹಾಕಿ ಯಾರನ್ನು ಪಿನ್ ಮಾಡಬೇಕು, ಅಂದರೆ ಮೂರು ಎಣಿಸುವವರೆಗೆ ಭುಜ ನೆಲಕ್ಕೆ ಒತ್ತಿ ಹಿಡಿಯಬೇಕು, ಅನ್ನುವುದು ಇಬ್ಬರಿಗೂ ಗೊತ್ತು, ರೆಫರಿಗೂ ಗೊತ್ತು. ರೆಫರಿಯ ಕಿವಿಯಲ್ಲಿ ಪುಟ್ಟ ಇಯರ್‌ಪೀಸ್ ಇರುತ್ತದೆ. ‘ಇನ್ನೆರಡು ನಿಮಿಷ, ಮುಗಿಸಿ’ ಎಂಬ ಸೂಚನೆ ಒಳಗಿನಿಂದ ಅದರಲ್ಲೇ ಬರುತ್ತದೆ. ಬಿದ್ದವನ ಮೇಲೆ ಬಗ್ಗಿ, ಕೈ ಎತ್ತಿ ನೋಡುವ ನೆಪದಲ್ಲಿ ರೆಫರಿ ಪಿಸುಗುಟ್ಟುತ್ತಿರುವುದು ಬಹಳ ಸಲ ಅದನ್ನೇ.

ಹಾಗಾದರೆ ನಾವು ಊಹಿಸಬೇಕಾದದ್ದು ಕುಸ್ತಿಯನ್ನಲ್ಲ, ಬರೆಯುವವರ ತಲೆಯನ್ನು. ಬರೆಯುವವರ ಮುಂದೆ ಇರುವ ಪ್ರಶ್ನೆ ಒಂದೇ: ಇವನು ಗೆದ್ದ ಮೇಲೆ ಮುಂದೇನು? ನೀವು ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಯಾರು ಬಲಶಾಲಿ ಅಲ್ಲ, ಯಾರು ನಮಗೆ ಇಷ್ಟ ಅಲ್ಲ. ಗೆದ್ದ ಮೇಲೆ ಮುಂದೇನು?

ಈಗ ಒಂದು ಹಾಳೆ ತೆಗೆದುಕೊಳ್ಳಿ. ರಂಬಲ್ ಗೆದ್ದವರಿಗೆ ವರ್ಷದ ಅತಿ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದಲ್ಲಿ ಬೆಲ್ಟಿಗಾಗಿ, ಅಂದರೆ ಚಾಂಪಿಯನ್ ಪಟ್ಟಕ್ಕಾಗಿ, ಆಡುವ ಅವಕಾಶ ಸಿಗುತ್ತದೆ. 1993ರಿಂದ ಇದೇ ಪದ್ಧತಿ. ಆದ್ದರಿಂದ ಹಾಳೆಯ ಮೇಲೆ ಮೊದಲು ಬರೆಯಬೇಕಾದದ್ದು ರಂಬಲ್ ಅಲ್ಲ, ರೆಸಲ್‌ಮೇನಿಯಾ. ಅಲ್ಲಿಂದ ಹಿಂದಕ್ಕೆ ಬನ್ನಿ. ಈಗ ಎರಡು ದೊಡ್ಡ ಬೆಲ್ಟ್ ಇವೆ. ಅವುಗಳನ್ನು ಇಟ್ಟುಕೊಂಡವರಲ್ಲಿ ಯಾರು ಹೀರೊ, ಅವರ ಮಾತಲ್ಲಿ ಫೇಸ್, ಯಾರು ಖಳ, ಅಂದರೆ ಹೀಲ್ ಎಂದು ಪಕ್ಕದಲ್ಲಿ ಬರೆಯಿರಿ. ಚಾಂಪಿಯನ್ ಹೀಲ್ ಆಗಿದ್ದರೆ ಎದುರಿಗೆ ಫೇಸ್ ಬೇಕು. ಇಬ್ಬರು ಒಳ್ಳೆಯವರನ್ನು ಬಡಿದಾಡಿಸಿದರೆ ಟಿಕೆಟ್ ಕೊಂಡವನು ಯಾರಿಗೆ ಕೂಗಬೇಕು?

ರಂಬಲ್‌ನಲ್ಲಿ 30 ಜನ. ಇಬ್ಬರಿಂದ ಶುರು, ಆಮೇಲೆ ಸುಮಾರು 90 ಸೆಕೆಂಡಿಗೊಬ್ಬರಂತೆ 28 ಜನ ಬರುತ್ತಾರೆ. ಮೇಲಿನ ಹಗ್ಗ ದಾಟಿ ಎರಡೂ ಕಾಲು ನೆಲಕ್ಕೆ ತಾಗಿದರೆ ಔಟ್. 30 ಹೆಸರು ನೋಡಿ ಗಾಬರಿಯಾಗಬೇಡಿ, ಐದು ನಿಮಿಷದಲ್ಲಿ 25 ಹೆಸರು ಹೊಡೆದು ಹಾಕಬಹುದು. ಒಂದು ರಾತ್ರಿಯ ಚಪ್ಪಾಳೆಗಾಗಿ ಕರೆಸಿದ ಹಳೇ ಪೈಲ್ವಾನರು, ನಗಿಸಲು ಬರುವವರು, ಜೋಡಿ ಪಂದ್ಯದಲ್ಲೇ ಬೇರೂರಿದವರು, ಹೊಸಬರನ್ನು ತಯಾರು ಮಾಡುವ ಎನ್‌ಎಕ್ಸ್‌ಟಿಯಿಂದ ಮುಖ ತೋರಿಸಲು ಬಂದ ಹುಡುಗರು ಎಲ್ಲ ಹೋಗಲಿ. ಉಳಿದ ಐದು ಜನರಲ್ಲಿ ಒಬ್ಬೊಬ್ಬರ ಮುಂದೆಯೂ ಅದೇ ಪ್ರಶ್ನೆ: ಗೆದ್ದ ಮೇಲೆ ಮುಂದೇನು? ಉತ್ತರ ಒಂದು ವಾಕ್ಯದಲ್ಲಿ ಬರದಿದ್ದರೆ ಆ ಹೆಸರನ್ನೂ ಹೊಡೆಯಿರಿ.

2025ರಲ್ಲಿ ಏನಾಯಿತು? ಎಲ್ಲರ ಬಾಯಲ್ಲೂ ಜಾನ್ ಸೀನಾ, ಸಿಎಂ ಪಂಕ್, ರೋಮನ್ ರೇನ್ಸ್. ಗೆದ್ದದ್ದು ಜೇ ಊಸೊ. ‘ಒಂದು ವಾರದ ಹಿಂದೆ ಚಾಂಪಿಯನ್ ಗುಂಥರ್ ಕೈಲಿ ಸೋತವನು’ ಎಂದು ಜನ ಅವನನ್ನು ಪಟ್ಟಿಯಿಂದಲೇ ತೆಗೆದಿದ್ದರು. ಆದರೆ ಸೀನಾಗೆ ರಂಬಲ್ ಬೇಕೇ ಇರಲಿಲ್ಲ. ರೆಸಲ್‌ಮೇನಿಯಾಕ್ಕೆ ಹೋಗಲು ಎಲಿಮಿನೇಷನ್ ಚೇಂಬರ್ ಅನ್ನುವ ಇನ್ನೊಂದು ಬಾಗಿಲಿದೆ, ಅವನು ಆ ಬಾಗಿಲಿಂದ ಹೋದ. ಪಂಕ್, ರೇನ್ಸ್, ಸೆಥ್ ರಾಲಿನ್ಸ್ ಮೂವರ ಜಗಳಕ್ಕೆ ಬೆಲ್ಟೇ ಬೇಡ. ಬೆಲ್ಟ್ ಇಲ್ಲದೆ ನಡೆಯದ ಕಥೆ ಇದ್ದದ್ದು ಜೇ ಒಬ್ಬನಿಗೆ. ಗುಂಥರ್‌ಗೆ ಸೋತಿದ್ದನಲ್ಲ, ಆ ಸೋಲೇ ಕಥೆ! ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಅವನನ್ನೇ ಸೋಲಿಸಿ ಬೆಲ್ಟ್ ತೆಗೆದುಕೊಂಡ.

ಎಷ್ಟನೇ ನಂಬರಿನಲ್ಲಿ ಬಂದರೆ ಗೆಲ್ಲುತ್ತಾರೆ ಅನ್ನುವ ಲೆಕ್ಕವನ್ನು ದಯವಿಟ್ಟು ಬಿಡಿ. ಒಂದನೇ ನಂಬರಿನಲ್ಲಿ ಬಂದು ಶಾನ್ ಮೈಕಲ್ಸ್ 1995ರಲ್ಲಿ, ಎಡ್ಜ್ 2021ರಲ್ಲಿ ಗೆದ್ದಿದ್ದಾರೆ. ಮೂವತ್ತನೆಯವರಾಗಿ ಬಂದು ಅಂಡರ್‌ಟೇಕರ್ 2007ರಲ್ಲಿ, ಸೀನಾ 2008ರಲ್ಲಿ ಗೆದ್ದಿದ್ದಾರೆ. ನಂಬರ್ ಕೊಡುವುದು ಗೆಲ್ಲುವವನು ನಿಶ್ಚಯವಾದ ಮೇಲೆ. ಹಾಗೇ ರಾಶಿ ರಾಶಿ ಜನರನ್ನು ಹೊರಗೆಸೆಯುವವನನ್ನು ನೋಡಿ ಮರುಳಾಗಬೇಡಿ. 2001ರಲ್ಲಿ ಕೇನ್ 11 ಜನರನ್ನು ಎಸೆದ, ಗೆಲ್ಲಲಿಲ್ಲ. 2014ರಲ್ಲಿ ರೇನ್ಸ್ 12, ಗೆಲ್ಲಲಿಲ್ಲ. 2020ರಲ್ಲಿ ಬ್ರಾಕ್ ಲೆಸ್ನರ್ ಒಂದನೆಯವನಾಗಿ ಬಂದು 13 ಜನರನ್ನು ಎಸೆದ, ಅವನನ್ನು ಎಸೆದದ್ದು ಡ್ರೂ ಮ್ಯಾಕಿಂಟೈರ್, ಗೆದ್ದದ್ದೂ ಡ್ರೂ. ಲೆಸ್ನರ್ ಆ 13 ಜನರನ್ನು ಎಸೆದದ್ದೇ ಹದಿನಾಲ್ಕನೆಯವನಾಗಿ ತಾನು ಬಿದ್ದಾಗ ಸದ್ದು ಜೋರಾಗಿ ಕೇಳಲಿ ಅಂತ.

ಇನ್ನು ಕೋಡಿ ರೋಡ್ಸ್ ಕಥೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಊಹೆ ಮಾಡುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

2023ರ ಜನವರಿಯಲ್ಲಿ ಕೋಡಿ ಮೂವತ್ತನೆಯವನಾಗಿ ಬಂದು ರಂಬಲ್ ಗೆದ್ದ. ಎದುರಿಗೆ ರೋಮನ್ ರೇನ್ಸ್. 2020ರ ಆಗಸ್ಟ್ 30ರಂದು ಬೆಲ್ಟ್ ಹಿಡಿದವನು ಬಿಟ್ಟೇ ಇರಲಿಲ್ಲ. ಕೋಡಿಯ ತಂದೆ ಡಸ್ಟಿ ರೋಡ್ಸ್ ದೊಡ್ಡ ಹೆಸರು, ಆದರೆ ಈ ಕಂಪನಿಯ ಬೆಲ್ಟ್ ಅವರಿಗೆ ದಕ್ಕಿರಲಿಲ್ಲ. ಮಗ ಬಂದು ಗೆಲ್ಲುತ್ತಾನೆ, ಕಥೆ ಮುಗಿಯುತ್ತದೆ. ಎಲ್ಲರ ಪಟ್ಟಿಯಲ್ಲೂ ಕೋಡಿಯೇ. ಏಪ್ರಿಲ್ 2, ಕ್ಯಾಲಿಫೋರ್ನಿಯಾದ ಸೋಫೈ ಕ್ರೀಡಾಂಗಣ. ಇನ್ನೇನು ಗೆದ್ದ ಅನ್ನುವಾಗ ರೇನ್ಸ್ ಕಡೆಯ ಸೋಲೊ ಸಿಕೋವಾ ರೆಫರಿಯ ಕಣ್ಣು ತಪ್ಪಿಸಿ ಕೋಡಿಯ ಗಂಟಲಿಗೆ ಹೆಬ್ಬೆರಳು ಚುಚ್ಚಿದ, ರೇನ್ಸ್ ಓಡಿಬಂದು ಭುಜದಿಂದ ಗುದ್ದಿ ಕೆಡವುವ ಸ್ಪಿಯರ್ ಹೊಡೆದ, ಒಂದು, ಎರಡು, ಮೂರು. ಕೋಡಿ ಸೋತ. ಇಡೀ ಕ್ರೀಡಾಂಗಣ ಸ್ತಬ್ಧ.

ಜನ ತಪ್ಪಿದ್ದೆಲ್ಲಿ? ಕೋಡಿ ಗೆಲ್ಲಬೇಕು ಅಂತ ಯೋಚಿಸಿದರು, ಗೆದ್ದ ಮೇಲೆ ಮುಂದೇನು ಅಂತ ಕೇಳಲಿಲ್ಲ. ಲೆಕ್ಕ ಹಾಕಿ. ಆ ರಾತ್ರಿಗೆ ರೇನ್ಸ್‌ಗೆ 945 ದಿನ ಆಗಿತ್ತು. ಸಾವಿರಕ್ಕೆ ಇನ್ನು 55 ದಿನ. ಸಾವಿರ ತುಂಬಿದ ಮೇ 27ರಂದೇ ಜೆಡ್ಡಾದಲ್ಲಿ ದೊಡ್ಡ ಕಾರ್ಯಕ್ರಮ ಇತ್ತು. ಅಷ್ಟೇ ಅಲ್ಲ, ರೇನ್ಸ್ ಮನೆಯೊಳಗಿನ ಜಗಳ ಆಗತಾನೆ ಕಾವೇರುತ್ತಿತ್ತು. ಜುಲೈ 1ರಂದು ಲಂಡನ್‌ನಲ್ಲಿ ಅವನ ದಾಯಾದಿ ಜೇ ಊಸೊನೇ ಅವನನ್ನು ಪಿನ್ ಮಾಡಿದ. 2019ರ ಡಿಸೆಂಬರ್‌ನಿಂದ ಯಾರೂ ರೇನ್ಸ್‌ನನ್ನು ಪಿನ್ ಮಾಡಿರಲಿಲ್ಲ. ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಅವರಿಬ್ಬರದೇ ಪಂದ್ಯ. ಏಪ್ರಿಲ್‌ನಲ್ಲಿ ಬೆಲ್ಟ್ ಕೋಡಿ ಸೊಂಟಕ್ಕೆ ಹೋಗಿದ್ದರೆ ಈ ಜಗಳಕ್ಕೆ ಏನು ಬೆಲೆ? ಬೆಲ್ಟಿಲ್ಲದ ರಾಜನ ಮನೆಯಲ್ಲಿ ಯಾರು ಯಾರ ಮೇಲೆ ತಿರುಗಿಬಿದ್ದರೆ ಯಾರಿಗೇನು!

ಮರುವರ್ಷ ಬನ್ನಿ. 2024ರ ಜನವರಿ 27, ಕೋಡಿ ಮತ್ತೆ ರಂಬಲ್ ಗೆದ್ದ, ಕೊನೆಗೆ ಎಸೆದದ್ದು ಸಿಎಂ ಪಂಕ್‌ನನ್ನು. ಆರು ದಿನ ಕಳೆಯಿತು. ವಾರದ ಟಿವಿ ಶೋ ಸ್ಮ್ಯಾಕ್‌ಡೌನ್‌ನಲ್ಲಿ ಕೋಡಿ ನಿಂತು, ರೇನ್ಸ್ ಜೊತೆ ನನ್ನ ಪಂದ್ಯ ರೆಸಲ್‌ಮೇನಿಯಾದಲ್ಲಲ್ಲ ಅಂದುಬಿಟ್ಟ. ಹಳೇ ಚಾಂಪಿಯನ್, ಈಗ ಸಿನಿಮಾ ನಟನಾದ ದಿ ರಾಕ್ ಬಂದು ರೇನ್ಸ್ ಎದುರು ನಿಂತ. ಅದೇ ಜನವರಿಯಲ್ಲಿ ರಾಕ್ ಡಬ್ಲ್ಯೂಡಬ್ಲ್ಯೂಇಯ ಒಡೆತನ ಹೊಂದಿರುವ ಟಿಕೆಒ ಕಂಪನಿಯ ನಿರ್ದೇಶಕ ಮಂಡಳಿ ಸೇರಿದ್ದ ಅನ್ನುವುದು ನೆನಪಿರಲಿ. ಅಭಿಮಾನಿಗಳು ಸಿಟ್ಟಿಗೆದ್ದರು. ‘ನಮಗೆ ಕೋಡಿ ಬೇಕು’ ಎಂದು ಊರೂರಲ್ಲಿ ಕೂಗಿದರು. ಫೆಬ್ರವರಿ 8ರಂದು ಲಾಸ್ ವೇಗಸ್ ವೇದಿಕೆಯಲ್ಲಿ ರಾಕ್ ಕೋಡಿಯ ಕೆನ್ನೆಗೆ ಬಾರಿಸಿದ, ಖಳನಾದ, ಕೋಡಿ ತನ್ನ ಪಂದ್ಯವನ್ನು ವಾಪಸ್ ಪಡೆದ. ಬರೆದದ್ದನ್ನು ಹೊಡೆದು ಮತ್ತೆ ಬರೆಯುತ್ತಾರೆ, ಜನರ ಕೂಗು ಅಷ್ಟು ಜೋರಿದ್ದರೆ.

ಈಗ ಪ್ರಶ್ನೆ ಕೇಳಿ. ರೇನ್ಸ್ ಮತ್ತೆ ಗೆದ್ದರೆ ಮುಂದೇನು? ಏನೂ ಇಲ್ಲ. ಕೋಡಿ ಗೆದ್ದರೆ? ಹೊಸ ಚಾಂಪಿಯನ್, ಹೊಸ ಎದುರಾಳಿಗಳು, ಒಂದು ವರ್ಷದ ಸರಕು. ಏಪ್ರಿಲ್ 6ರಂದು, ಎರಡು ರಾತ್ರಿಯ ರೆಸಲ್‌ಮೇನಿಯಾದ ಮೊದಲ ರಾತ್ರಿ, ಫಿಲಡೆಲ್ಫಿಯಾದಲ್ಲಿ ಜೋಡಿ ಪಂದ್ಯದಲ್ಲಿ ಕೋಡಿ ಸೋತಾಗ ಹಲವರು ಹೆದರಿ ಪಟ್ಟಿ ತಿದ್ದಿದರು. ತಿದ್ದಬಾರದಿತ್ತು! ಮೊದಲ ರಾತ್ರಿ ಸೋತವನು ಎರಡನೇ ರಾತ್ರಿಗೆ ಇನ್ನಷ್ಟು ಹತ್ತಿರವಾಗಿದ್ದ. ಏಪ್ರಿಲ್ 7ರಂದು ಸೀನಾ ಬಂದ, ಅಂಡರ್‌ಟೇಕರ್ ಬಂದು ರಾಕ್‌ನನ್ನು ಎತ್ತಿ ಕುಕ್ಕಿದ. ಕುರ್ಚಿ ಕೈಗೆ ಸಿಕ್ಕ ರೇನ್ಸ್, ಹತ್ತು ವರ್ಷದ ಹಿಂದಿನ ದ್ರೋಹ ತೀರಿಸಿಕೊಳ್ಳಲು ಒಂದು ಕಾಲದ ಜೊತೆಗಾರ ಸೆಥ್ ರಾಲಿನ್ಸ್ ಬೆನ್ನಿಗೆ ಹೊಡೆದ. ಕೋಡಿಗೆ ಅಷ್ಟು ಹೊತ್ತು ಸಾಕಾಗಿತ್ತು. 1,316 ದಿನಗಳ ಆಳ್ವಿಕೆ ಮುಗಿಯಿತು.

ಸಮಯ ನೋಡಿಕೊಳ್ಳಿ ಎಂದು ಗಾಜಿನಾಚೆಯಿಂದ ಕೈ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ರಂಬಲ್ ದಿನ ಬೆಲ್ಟಿನ ಪಂದ್ಯಗಳೂ ಇರುತ್ತವೆ. ಸಾಮಾನ್ಯ ಪಂದ್ಯದಲ್ಲಿ ಚಾಂಪಿಯನ್ ಡಿಸ್‌ಕ್ವಾಲಿಫೈ ಆದರೂ, ರಿಂಗಿನ ಹೊರಗೆ ಹತ್ತು ಎಣಿಸಿಕೊಂಡು ಸೋತರೂ ಬೆಲ್ಟ್ ಕೈಬಿಡುವುದಿಲ್ಲ. ಆದ್ದರಿಂದ ರೆಸಲ್‌ಮೇನಿಯಾಕ್ಕೆ ಎರಡೂವರೆ ತಿಂಗಳಿರುವಾಗ ಇಬ್ಬರನ್ನೂ ಕಾಪಾಡಿಕೊಳ್ಳಬೇಕಾದರೆ ಇಂಥ ಅರೆಬರೆ ಫಿನಿಷ್ ನಿರೀಕ್ಷಿಸಿ. ಮೂವರ ಪಂದ್ಯವಾದರೆ ಚಾಂಪಿಯನ್ ಪಿನ್ ಆಗದೆಯೇ ಬೆಲ್ಟ್ ಕಳೆದುಕೊಳ್ಳಬಹುದು. ಮೂರನೆಯವನನ್ನು ಯಾಕೆ ಸೇರಿಸಿದ್ದಾರೆ ಎಂದು ಕೇಳಿ. ಬಹುತೇಕ ಸಲ ಪಿನ್ ತಿನ್ನಲು.

ಕಾರ್ಯಕ್ರಮಕ್ಕೆ ಮುಂಚಿನ ಕೊನೆಯ ವಾರದ ಶೋಗೆ ಗೋ-ಹೋಮ್ ಶೋ ಅಂತಾರೆ. ಅದರ ಕೊನೆಯಲ್ಲಿ ಎದುರಾಳಿಯನ್ನು ಮಲಗಿಸಿ ಬೆಲ್ಟ್ ಎತ್ತಿ ನಿಂತವನು ಕಾರ್ಯಕ್ರಮದ ದಿನ ಸೋಲುವವನು ಎಂದುಕೊಂಡರೆ ನಷ್ಟವಾಗುವುದಿಲ್ಲ.

ಗಾಯದ ಸುದ್ದಿ ಕೊನೆಯ ದಿನದವರೆಗೂ ನೋಡುತ್ತಿರಿ. ನಮ್ಮ ಹಿಮಾಚಲದ ದಿ ಗ್ರೇಟ್ ಖಲಿ 2007ರ ಜುಲೈನಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದದ್ದು, ಎಡ್ಜ್ ಎದೆಯ ಸ್ನಾಯು ಹರಿದು ಬೆಲ್ಟ್ ಬಿಟ್ಟುಕೊಟ್ಟ ಮೇಲೆ ನಡೆದ 20 ಜನರ ಬ್ಯಾಟಲ್ ರಾಯಲ್‌ನಲ್ಲಿ.

‘ನಮ್ಮೂರಲ್ಲಿ ನಮ್ಮವನೇ’ ಅನ್ನುವ ಮೋಹವೂ ಬೇಡ. 2017ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಭಾರತ ಮೂಲದ ಜಿಂದರ್ ಮಹಲ್‌ಗೆ ಅಷ್ಟು ಜನ ಕೂಗಿದರೂ ಗೆದ್ದದ್ದು ಟ್ರಿಪಲ್ ಎಚ್.

ಹೆಂಗಸರ ರಂಬಲ್ 2018ರಿಂದ ನಡೆಯುತ್ತಿದೆ. ಅದಕ್ಕೂ ಇದೇ ಹಾಳೆ, ಇದೇ ಪ್ರಶ್ನೆ. ಅದನ್ನು ಬಿಟ್ಟು ಗಂಡಸರದನ್ನು ಮಾತ್ರ ಊಹಿಸುವವರು ಅರ್ಧ ಕಾರ್ಯಕ್ರಮವನ್ನೇ ನೋಡುವುದಿಲ್ಲ.

ಹಣ ಮಾತ್ರ ಕಟ್ಟಬೇಡಿ. ಫಲಿತಾಂಶ ಮೊದಲೇ ಗೊತ್ತಿರುವವರು ತೆರೆಯ ಹಿಂದೆ ಎಷ್ಟೋ ಜನ ಇರುವ ಆಟದಲ್ಲಿ ಪಂದ್ಯ ಕಟ್ಟುವುದು ದಡ್ಡತನ. ಅಂಕ ಕೊಡಿ, ಸಾಕು. ಗೆದ್ದವರ ಹೆಸರು ಸರಿಯಾದರೆ ಐದು, ಕೊನೆಯ ನಾಲ್ವರಲ್ಲಿ ಹೇಳಿದ ಹೆಸರಿದ್ದರೆ ತಲಾ ಒಂದು, ಯಾರು ಯಾರನ್ನು ಎಸೆಯುತ್ತಾರೆ ಎಂದು ಸರಿಯಾಗಿ ಹೇಳಿದರೆ ಎರಡು. ಈ ಕೊನೆಯದರ ಮೇಲೆ ಕಣ್ಣಿಡಿ, ರೆಸಲ್‌ಮೇನಿಯಾದ ಅರ್ಧ ಪಂದ್ಯಗಳಿಗೆ ಬೀಜ ಬೀಳುವುದು ಆ ಎಸೆತಗಳಲ್ಲೇ. ಪಟ್ಟಿಯನ್ನು ಮೊದಲ ಗಂಟೆ ಬಾರಿಸುವ ಮುಂಚೆ ಗುಂಪಿಗೆ ಹಾಕಿ. ಮೂವತ್ತನೆಯವರು ಬಂದ ಮೇಲೆ ‘ನಾನು ಆಗಲೇ ಅಂದುಕೊಂಡಿದ್ದೆ’ ಅನ್ನುವವರಿಗೆ ಸೊನ್ನೆ. ನಮಸ್ಕಾರ.